ಒಂದು ಅಗುಳಿನ ಪರೀಕ್ಷೆ

ಅನ್ನವು ಬೆಂದಿದೆಯೋ ಇಲ್ಲವೋ ಎಂದು ತಿಳಿಯಲು ಗೃಹಿಣಿಯು ಪಾತ್ರೆಯನ್ನೆಲ್ಲ ಬರಿದುಮಾಡುವುದಿಲ್ಲ. ಒಂದು ಅಗುಳನ್ನು ಹಿಸುಕಿ ನೋಡುವಳು. ಶಾಸ್ತ್ರಜ್ಞರು ಇದನ್ನೇ ಸ್ಥಾಲೀಪುಲಾಕನ್ಯಾಯವೆಂದರು. ಮಕ್ಕಳ ವಿದ್ಯೆಯಲ್ಲಿ ಮಾತ್ರ ನಾವು ಅಗುಳನ್ನೂ ಮುಟ್ಟದೆ ಎಲೆ ಹಾಕಿಬಿಡುತ್ತೇವೆ.

ಎಲೆಯೊಂದನ್ನು ಮೂಸಿ ಮರದ ಹೆಸರು ಹೇಳುತ್ತಿದ್ದ ಶಿಷ್ಯನೊಬ್ಬನು ನನಗಿದ್ದನು. ಪಿ.ಯು.ಸಿ. ಮುಗಿದೊಡನೆ ತಂದೆಯ ಅಪೇಕ್ಷೆಯಂತೆ ಇಂಜಿನಿಯರಿಂಗಿಗೆ ಸೇರಿದನು. ಎರಡು ವರ್ಷಗಳಲ್ಲಿ ಬಿಟ್ಟು ಬಂದನು. ನಮ್ಮ ಪೊನ್ನಂಪೇಟೆಯಲ್ಲಿಯೇ 1995ರಲ್ಲಿ ಆರಂಭವಾದ ಅರಣ್ಯ ಮಹಾವಿದ್ಯಾಲಯವುಂಟು. ಅದನ್ನೊಮ್ಮೆ ಕಣ್ಣಾರೆ ಕಂಡಿದ್ದರೆ, ಅರಣ್ಯವೂ ನಾಲ್ಕು ವರ್ಷ ಕಲಿಯತಕ್ಕ ಶಾಸ್ತ್ರವೆಂದು ತಂದೆಗೂ ತೋರುತ್ತಿತ್ತು.

ಬೆಂಗಳೂರಿನಲ್ಲಿ 1909ರಲ್ಲಿ ಸ್ಥಾಪಿತವಾದ ಭಾರತೀಯ ವಿಜ್ಞಾನ ಸಂಸ್ಥೆಯು ವರ್ಷಕ್ಕೊಂದು ದಿನ ತನ್ನ ಬಾಗಿಲನ್ನು ಸರ್ವರಿಗೂ ತೆರೆಯುವ ಪದ್ಧತಿಯನ್ನಿಟ್ಟುಕೊಂಡಿದೆ. ಅಂದು ಶಾಲೆಯ ಮಕ್ಕಳು ಪ್ರಯೋಗಶಾಲೆಗಳನ್ನು ಹೊಕ್ಕು ಸಂಶೋಧಕರನ್ನೇ ಪ್ರಶ್ನಿಸಬಹುದು. ಇಂತಹ ದಿನವು ಪ್ರತಿಯೊಂದು ವಿದ್ಯಾಲಯದಲ್ಲಿಯೂ ಇರತಕ್ಕದ್ದು.

ಆದರೆ ಒಂದು ಎಚ್ಚರಿಕೆ. ಒಂದೇ ಉರಿಯಲ್ಲಿ ಬೆಂದ ಅಕ್ಕಿಗೆ ಮಾತ್ರ ಈ ನ್ಯಾಯವು ಸಲ್ಲುವುದು. ಪ್ರದರ್ಶನದ ದಿನ ಆರಿಸಿದ ಅಗುಳೇ ಎದುರಿಗೆ ಬರುವುದು ಸಹಜ. ಆದುದರಿಂದ ಮಗುವು ಬೆರಗಿನ ಪ್ರಯೋಗಗಳನ್ನು ನೋಡಿದರೆ ಸಾಲದು, “ನಿಮಗೆ ಬೇಸರ ತರುವ ಕೆಲಸ ಯಾವುದು?” ಎಂದು ಅಲ್ಲಿನ ವಿದ್ಯಾರ್ಥಿಗಳನ್ನು ಕೇಳಬೇಕು. ಆ ಬೇಸರವನ್ನೂ ಸಹಿಸುವೆನೆಂಬ ಮನಸ್ಸು ಬಂದರೆ, ಅದೇ ನಿಜವಾದ ರುಚಿ.

ತಾಯ್ತಂದೆಗಳೆ, ಕಾಫಿ ಕೊಯ್ಲಿನ ನಡುವೆ ಒಂದು ದಿನ ಬಿಡುವುಮಾಡಿಕೊಳ್ಳುವುದು ಕಷ್ಟವೇ ಸರಿ. ಒಲ್ಲದ ವಿದ್ಯೆಯಲ್ಲಿ ಮಗುವು ಕಳೆಯುವ ವರ್ಷಗಳೊಡನೆ ಆ ಒಂದು ದಿನವನ್ನು ತೂಗಿ ನೋಡಿರಿ.