ಗದ್ದೆಯ ಋಣ

ಪಾಠಶಾಲೆಯಲ್ಲಿ ಓದಿದ ನಮ್ಮಂಥವರಿಗೆ ಶಬ್ದವೊಂದು ಸಿಕ್ಕಿದರೆ ಅದರ ವ್ಯುತ್ಪತ್ತಿಯನ್ನು ಬಿಡಿಸಿ ನೋಡದೆ ಸಮಾಧಾನವಿಲ್ಲ. ‘ಸಾರಜನಕ’ವು ಅಂಥದೊಂದು ಶಬ್ದ. ಸಾರವನ್ನು ಹುಟ್ಟಿಸುವುದು ಸಾರಜನಕ. ಫ್ರೆಂಚ್ ವಿಜ್ಞಾನಿಯಾದ ಲಾವಾಸಿಯೆಯಾದರೋ ಇದೇ ವಾಯುವಿಗೆ ‘ನಿರ್ಜೀವ’ವೆಂಬ ಅರ್ಥದ ಹೆಸರನ್ನಿಟ್ಟನು, ಅದೊಂದೇ ತುಂಬಿದ ಪಾತ್ರೆಯಲ್ಲಿ ಯಾವ ಪ್ರಾಣಿಯೂ ಬದುಕದು. ಒಂದೇ ವಸ್ತುವಿಗೆ ವಿರುದ್ಧಾರ್ಥದ ಎರಡು ಹೆಸರುಗಳು. ವಿಚಾರಿಸಿದರೆ ಎರಡೂ ಸತ್ಯ.

ನಾವು ಉಸಿರಾಡುವ ಗಾಳಿಯಲ್ಲಿ ನೂರಕ್ಕೆ 78 ಪಾಲು ಸಾರಜನಕವೇ. ಆದರೆ ಅದರ ಅಣುವಿನಲ್ಲಿ ಎರಡು ಪರಮಾಣುಗಳು ಮೂರು ಬಂಧಗಳಿಂದ ಬಿಗಿದುಕೊಂಡಿರುವುದರಿಂದ ಗಿಡವಾಗಲಿ ದನವಾಗಲಿ ಮನುಷ್ಯನಾಗಲಿ ಅದನ್ನು ನೇರವಾಗಿ ಉಪಯೋಗಿಸಲು ಆಗದು. ಬೀಗ ಹಾಕಿದ ಕಣಜದ ಮುಂದೆ ಹಸಿದು ಕುಳಿತವರ ಸ್ಥಿತಿ ನಮ್ಮದು. ಸಿಡಿಲು ಆ ಬೀಗವನ್ನು ಅಲ್ಪಸ್ವಲ್ಪ ಒಡೆದು, ಸಾರವನ್ನು ಮಳೆಯೊಡನೆ ಇಳಿಸುತ್ತದೆ. ಹೆಚ್ಚಿನ ಕೆಲಸವೆಲ್ಲ ಸೂಕ್ಷ್ಮಜೀವಿಗಳದು. ಸೊಂಡೂರಿನ ಕಡೆಯ ಹೊಲದಲ್ಲಿ ತೊಗರಿಯ ಗಿಡವೊಂದನ್ನು ಮೆಲ್ಲನೆ ಕಿತ್ತು ನೋಡಿರಿ: ಬೇರಿನಲ್ಲಿ ಸಣ್ಣ ಸಣ್ಣ ಗಂಟುಗಳಿರುವುವು. ಒಂದನ್ನು ಉಗುರಿನಿಂದ ಸೀಳಿದರೆ ಒಳಗೆ ನಸುಗೆಂಪು. ಅಲ್ಲಿ ನೆಲಸಿದ ಜೀವಾಣುಗಳು ಗಿಡದಿಂದ ಸಕ್ಕರೆಯನ್ನು ಪಡೆದು, ಗಾಳಿಯ ಸಾರಜನಕವನ್ನು ಅದಕ್ಕೆ ಒಗ್ಗುವಂತೆ ಮಾಡಿ ಕೊಡುತ್ತವೆ. ಬತ್ತದ ಗದ್ದೆಯ ನಿಂತ ನೀರಿನ ನೀಲಿಹಸುರು ಪಾಚಿಯೂ ಇದನ್ನೇ ಮಾಡುವುದೆಂದು ಪಿ. ಕೆ. ದೇ ಎಂಬ ಭಾರತೀಯ ವಿಜ್ಞಾನಿಗಳು 1939ರಲ್ಲಿ ತೋರಿಸಿದರು. ಹಂಪೆಯ ಶಿಲೆಗಳ ನಡುವೆ ಹರಿಯುವ ತುರ್ತಾ ಕಾಲುವೆ, ಹೊಸಪೇಟೆಯ ಬಸವಣ್ಣ ಕಾಲುವೆ, ಇವೆಲ್ಲ ವಿಜಯನಗರದ ಅರಸರ ಕಾಲದವು. ಅವುಗಳ ಕೆಳಗಿನ ಗದ್ದೆಗಳು ಚೀಲದ ಗೊಬ್ಬರವನ್ನೇ ಕಾಣದೆ ಶತಮಾನಗಳ ಕಾಲ ಬೆಳೆ ಕೊಟ್ಟ ರಹಸ್ಯದಲ್ಲಿ ಈ ಪಾಚಿಗೂ ಕೊಟ್ಟಿಗೆಯ ಗೊಬ್ಬರಕ್ಕೂ ಹೊಂಗೆಯ ಸೊಪ್ಪಿಗೂ ಪಾಲುಂಟು.

ಗಿಡವನ್ನು ದನ ತಿನ್ನುವುದು. ಸೆಗಣಿ ಗಂಜಳಗಳು ಮಣ್ಣಿಗೆ ಬೀಳುವುವು. ಸತ್ತ ದೇಹವೂ ಅಲ್ಲಿಗೇ ಸೇರುವುದು. ಮಣ್ಣಿನ ಜೀವಾಣುಗಳು ಅದನ್ನೆಲ್ಲ ಕೊಳೆಯಿಸಿ ಮೊದಲು ಅಮೋನಿಯವಾಗಿಯೂ ಬಳಿಕ ನೈಟ್ರೇಟಾಗಿಯೂ ಮಾರ್ಪಡಿಸುತ್ತವೆ. ಗಂಜಳ ಇಂಗಿದ ಹಳೆಯ ಮಣ್ಣಿನಲ್ಲಿ ಪೆಟ್ಲುಪ್ಪು ಹುಟ್ಟುವುದು ಇದರಿಂದಲೇ. 1520ರ ಸುಮಾರಿನಲ್ಲಿ ಹಂಪೆಯ ಮಹಾನವಮಿಯನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಪಾಯೆಸನು ಅಲ್ಲಿಯ ಬಾಣಬಿರುಸುಗಳನ್ನು ವರ್ಣಿಸಿದ್ದಾನೆ. ಅಂಥ ಮದ್ದಿಗೆ ಪೆಟ್ಲುಪ್ಪೇ ಜೀವಾಳ. ಕೊನೆಗೆ, ಗಾಳಿಯಾಡದ ಕೆಸರಿನ ಮತ್ತೊಂದು ಜಾತಿಯ ಜೀವಾಣುಗಳು ನೈಟ್ರೇಟನ್ನು ಒಡೆದು ಸಾರಜನಕವನ್ನು ಗಾಳಿಗೆ ಒಪ್ಪಿಸುತ್ತವೆ. ಚಕ್ರ ಪೂರ್ಣವಾಯಿತು.

ಜರ್ಮನಿಯ ಹಾಬರನು 1909ರಲ್ಲಿ ಗಾಳಿಯಿಂದ ಅಮೋನಿಯವನ್ನು ಮಾಡಿ ತೋರಿಸಿದನು. 1913ರಲ್ಲಿ ಕಾರ್ಖಾನೆ ನಡೆಯಿತು. ಇಂದಿನ ಯೂರಿಯಾದಲ್ಲಿ ನೂರಕ್ಕೆ 46 ಪಾಲು ಸಾರಜನಕ. ಇದರಿಂದ ಕೋಟ್ಯಂತರ ಜನ ಉಂಡಿದ್ದಾರೆಂಬುದನ್ನು ಯಾರೂ ಅಲ್ಲಗಳೆಯಲಾರರು.

ಕಂಪ್ಲಿಯ ಬಳಿ ನಮ್ಮ ಹಿರಿಯರ ಎರಡೆಕರೆ ಗದ್ದೆಯುಂಟು. ತಮ್ಮನು ಸಾಗುವಳಿ ಮಾಡುತ್ತಾನೆ. ವರ್ಷದಿಂದ ವರ್ಷಕ್ಕೆ ಯೂರಿಯಾ ಚೀಲಗಳು ಹೆಚ್ಚುತ್ತಿರುವುದನ್ನು ಕಂಡು ನಾನು ಮಾತೆತ್ತಿದೆನು. “ಅಣ್ಣಾ, ನಿನಗ ತಿಂಗಳು ತಿಂಗಳು ಪಿಂಚಣಿ ಬರ್ತದ. ನನಗ ನೆಲ್ಲು ಬಂದ್ರಷ್ಟೇ ಸಾಲ ತೀರ್ತದ” ಎಂದನು. ಈ ಮಾತಿಗೆ ಶಾಸ್ತ್ರದಲ್ಲಿ ಉತ್ತರವಿಲ್ಲ. ಆದುದರಿಂದ ಅವನ ಲೆಕ್ಕದಲ್ಲಿಯೇ ಉತ್ತರ ಹೇಳಬೇಕಾಯಿತು. ನಿಂತ ನೀರಿಗೆ ಎರಚಿದ ಯೂರಿಯಾದಲ್ಲಿ ಬೆಳೆಗೆ ದಕ್ಕುವುದು ಸಾಮಾನ್ಯವಾಗಿ ಅರ್ಧಕ್ಕಿಂತ ಕಡಮೆ. ಉಳಿದುದರಲ್ಲಿ ಬಹುಭಾಗ ಅಮೋನಿಯವಾಗಿ ಹಾರುವುದು, ಕಾಲುವೆಗೆ ಹರಿಯುವುದು. ಸ್ವಲ್ಪ ನೈಟ್ರಸ್ ಆಕ್ಸೈಡಾಗಿ, ತೂಕಕ್ಕೆ ತೂಕ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 270 ಪಾಲು ಹೆಚ್ಚಾಗಿ ಭೂಮಿಯನ್ನು ಕಾಯಿಸುವುದು. ತುಂಗಭದ್ರಾ ಜಲಾಶಯದ ನೀರು ಈಚಿನ ವರ್ಷಗಳಲ್ಲಿ ಹಲವು ಸಲ ಹಸುರಾದುದನ್ನು ವಾಚಕರು ಬಲ್ಲರು. ಹೊಲಗಳಿಂದಲೂ ಊರುಗಳಿಂದಲೂ ಹರಿದುಬಂದ ಸಾರವೇ ಅಂಥ ಪಾಚಿಗೆ ಆಹಾರ. “ಸಾಲ ಮಾಡಿ ತಂದ ಚೀಲದಾಗ ಅರ್ಧ ಹೊಳಿಗೆ ಹಾಕಿದಂಗಾಯ್ತಲ್ಲಪ್ಪಾ” ಎಂದೆನು. ಅವನು ಬಹಳ ಹೊತ್ತು ಮಾತಾಡಲಿಲ್ಲ.

ಕಡೆಗೆ ಒಂದೆಕರೆಯ ಮಟ್ಟಿಗೆ ಒಪ್ಪಿದನು. ಅಲ್ಲಿ ನಾಟಿಗೆ ಮೊದಲು ಸೆಣಬನ್ನು ಬಿತ್ತಿ, ಹೂಬಿಡುವ ಹೊತ್ತಿಗೆ ಉತ್ತು ಮುಚ್ಚುವುದು. ಯೂರಿಯಾವನ್ನು ಕಡಮೆ ಮಾಡಿ, ನೀರು ಬಸಿದು, ಮೂರು ಸಲ ಹಂಚಿ ಹಾಕುವುದು. ಇನ್ನೊಂದೆಕರೆ ಅವನ ರೂಢಿಯಂತೆ. ಸುಗ್ಗಿಯಲ್ಲಿ ಎರಡೂ ರಾಶಿಗಳನ್ನು ಬೇರೆಬೇರೆಯಾಗಿ ಅಳೆಯತಕ್ಕದ್ದು. ಮೊದಲನೆಯದರಲ್ಲಿ ಕೊರೆ ಬಿದ್ದರೆ ನನ್ನ ಪಿಂಚಣಿಯಿಂದ ತುಂಬಿಕೊಡತಕ್ಕದ್ದು. ಇದು ನ್ಯಾಯವೆಂದೇ ನನ್ನ ಭಾವನೆ.

ದೇವಋಣ, ಋಷಿಋಣ, ಪಿತೃಋಣಗಳೆಂದು ಮೂರನ್ನು ನಮ್ಮ ಹಿರಿಯರು ಎಣಿಸಿದರು. ನಮ್ಮ ಮೈಯ ಮಾಂಸದಲ್ಲಿರುವ ಸಾರಜನಕವೆಲ್ಲ ಯಾವುದೋ ಗದ್ದೆಯಿಂದ ಕಡ ತಂದುದೇ. ಅದನ್ನು ತೀರಿಸುವುದಕ್ಕೆ ಮಂತ್ರ ಬೇಡ. ತೆಗೆದುದನ್ನು ಮಣ್ಣಿಗೆ ಮರಳಿ ಕೊಟ್ಟರೆ ಸಾಕು.