ಹಿಟ್ಟಿನ ಹದ

ಮುಂಬೈಯ ನಮ್ಮ ಪುಟ್ಟ ಅಡುಗೆಮನೆಯಲ್ಲಿ ಬ್ರೆಡ್ ಮಶೀನು ಬೆಳಗಿನ ಅರ್ಧ ಕೆಲಸ ಹೊತ್ತುಕೊಂಡಿದೆ. ಮೊದಲು ನೀರು, ಮೇಲೆ ಹಿಟ್ಟು, ಮೂಲೆಗೆ ಉಪ್ಪು, ನಡುವೆ ಗುಳಿ ಮಾಡಿ ಯೀಸ್ಟ್. ನಾದುವುದು, ಉಬ್ಬಿಸುವುದು, ಬೇಯಿಸುವುದು ಅದರ ಪಾಲು. ಮುಗಿದ ಮೇಲೆ ಪಾತ್ರೆಗೆ ಬೆಚ್ಚನೆ ನೀರು, ಮೆತ್ತನೆ ಬಟ್ಟೆ ಸಾಕು. ಸ್ಟೀಲ್ ಸ್ಕ್ರಬ್ಬರ್ ತಾಗಿದರೆ ನಾನ್‌ಸ್ಟಿಕ್ ಲೇಪಕ್ಕೆ ಗೀರು ಬೀಳುತ್ತದೆ.

ಆದರೆ ಹೊರಗೆ ಮಳೆ ಹಿಡಿದಿದೆಯೆಂದು ಯಂತ್ರಕ್ಕೆ ತಿಳಿಯದು. ಜುಲೈಯಲ್ಲಿ ಹಿಟ್ಟೇ ಗಾಳಿಯ ತೇವ ಹೀರಿರುತ್ತದೆ. ನೀರು ಒಂದೆರಡು ಚಮಚ ಕಡಿಮೆ ಹಾಕಬೇಕು. ಅದಕ್ಕೇ ನಾದುವುದು ನಿಂತಾಗ ಮುಚ್ಚಳ ತೆಗೆದು ಉಂಡೆಯನ್ನು ಒತ್ತಿ ನೋಡುತ್ತೇನೆ. ‘ಕಿವಿಯ ಹಾಲೆಯಷ್ಟು ಮೆತ್ತಗಿರಲಿ’ ಎಂದು ಅಮ್ಮ ಚಪಾತಿ ಹಿಟ್ಟಿಗೆ ಹೇಳುತ್ತಿದ್ದ ಹದ. ಅಮ್ಮ ಈಗಿಲ್ಲ. ಕೈಪಿಡಿಯಲ್ಲಿಲ್ಲದ ಆ ಅಳತೆ ನನ್ನ ಬೆರಳಲ್ಲಿ ಉಳಿದಿದೆ. ಅದೊಂದನ್ನು ಮಶೀನಿಗೆ ಬಿಟ್ಟುಕೊಡಲು ಮನಸ್ಸಿಲ್ಲ.