ಕಾಲಿದ್ದಷ್ಟು ಹಾಸಿಗೆ

ಕೊಳಾರವೆಂದೊಡನೆ ಚಿನ್ನದ ಗಣಿಯನ್ನು ನೆನೆಯುವವರುಂಟು. ಅದು ಕೋಲಾರ, ಸ್ವಾಮಿ; ಇದು ಬೀದರಿನ ಮಗ್ಗುಲಿನ ಕೊಳಾರ, ಔಷಧ ಮತ್ತು ರಾಸಾಯನಿಕ ಕಾರ್ಖಾನೆಗಳ ಕೈಗಾರಿಕಾ ಪ್ರದೇಶ. ಎರಡನ್ನೂ ಒಟ್ಟಿಗೆ ನೆನೆಯುವ ಸಂದರ್ಭ ಈಚೆಗೆ ನನಗೊದಗಿತು.

ನಮ್ಮ ಕಾಲೇಜಿನಲ್ಲಿ ಹೊಸ ಪ್ರಯೋಗಶಾಲೆ ಕಟ್ಟುವ ಮಾತು ನಡೆದಿದೆ. ಕನ್ನಡದ ಅಧ್ಯಾಪಕನಾದ ನನ್ನನ್ನೂ, ಬಹುಶಃ ಠರಾವು ಬರೆಯುವುದಕ್ಕಾಗಿ, ಸಮಿತಿಗೆ ಸೇರಿಸಿಕೊಂಡಿದ್ದಾರೆ. ಪ್ರತಿಯೊಂದು ಉಪಕರಣದ ಮೇಲೆ ಬರೆದ ಕಿಲೋವ್ಯಾಟುಗಳನ್ನು ಕೂಡಿಸಿ, ಅದರ ಮೇಲೂ ‘ಇರಲಿ’ ಎಂದೊಂದಿಷ್ಟು ಸೇರಿಸಿ, ಭಾರಿ ಟ್ರಾನ್ಸ್‌ಫಾರ್ಮರೊಂದನ್ನು ಸೂಚಿಸುವ ಪಟ್ಟಿ ನಮ್ಮೆದುರಿಗೆ ಬಂದಿತು. ಅದನ್ನು ಒಪ್ಪಿದರೆ ಸೂಕ್ಷ್ಮದರ್ಶಕಗಳಿಗೆಂದು ಇಟ್ಟ ಹಣಕ್ಕೇ ಸಂಚಕಾರ! ಈಗಲೇ ಒಂದೊಂದರ ಮುಂದೆ ಆರೇಳು ಮಕ್ಕಳು ಸರದಿ ಕಾಯುತ್ತಾರೆ.

ಕೊಳಾರದ ಕಾರ್ಖಾನೆಯೊಂದರಲ್ಲಿ ವಿದ್ಯುತ್ ವಿಭಾಗದಲ್ಲಿರುವ ನಮ್ಮ ಭಾವನವರು ಪಟ್ಟಿಯನ್ನು ನೋಡಿ ನಕ್ಕರು.

“ಮಾಸ್ತರರೇ, 2 ಕಿಲೋವ್ಯಾಟಿನ ಹತ್ತು ಓವನ್‌ಗಳೆಂದರೆ ಕಾಗದದಲ್ಲಿ 20. ಹತ್ತನ್ನೂ ಒಮ್ಮೆಲೇ ಹಚ್ಚುವವರಾರು? ಹಚ್ಚಿದರೂ ಬೇಕಾದಷ್ಟು ಕಾದೊಡನೆ ಥರ್ಮೋಸ್ಟಾಟು ವಿದ್ಯುತ್ತನ್ನು ತಡೆಯುತ್ತದೆ. ಇತ್ತ ಟ್ರಾನ್ಸ್‌ಫಾರ್ಮರಿನ ಕಬ್ಬಿಣದ ತಿರುಳು, ಕೆಲಸವಿರಲಿ ಬಿಡಲಿ, ಹಗಲಿರುಳೂ ತನ್ನ ಪಾಲು ತಿನ್ನುತ್ತಲೇ ಇರುತ್ತದೆ. ಹೆಚ್ಚಿನ ಬೇಡಿಕೆಗೆ ಒಪ್ಪಂದ ಬರೆದುಕೊಟ್ಟರೆ, ಬಳಸದಿದ್ದರೂ ಅದರ ಬಹುಭಾಗಕ್ಕೆ ತಿಂಗಳು ತಿಂಗಳೂ ಶುಲ್ಕ. ಆ ಲೆಕ್ಕವನ್ನೇ ನಂಬಿ ತಂಪುಯಂತ್ರಗಳನ್ನೂ ಅಗತ್ಯಕ್ಕಿಂತ ದೊಡ್ಡದಾಗಿ ಕೊಳ್ಳುವಿರಿ!”

“ಹಾಗಾದರೆ ಮಾಡುವುದೇನು?”

“ಅಳೆಯಿರಿ. ಹಳೆಯ ಪ್ರಯೋಗಶಾಲೆಗೆ ಮೀಟರು ಜೋಡಿಸಿ, ಪ್ರಾಯೋಗಿಕ ಪರೀಕ್ಷೆಯ ದಿನಗಳೂ ಬೇಸಗೆಯೂ ಸೇರುವಂತೆ, ಅತಿ ಹೆಚ್ಚಿನ ಬೇಡಿಕೆಯೆಷ್ಟೆಂದು ನೋಡಿರಿ. ಹೊಸ ಉಪಕರಣಗಳಿಗೂ ತಕ್ಕಷ್ಟು ಕೂಡಿಸಿರಿ. ವಿಷಾನಿಲ ಹೊರಹಾಕುವ ಫ್ಯಾನುಗಳಲ್ಲಿ ಮಾತ್ರ ಜಿಪುಣತನ ಬೇಡ. ಮುಂದೆ ಬೇಕಾದರೆ ಇನ್ನೊಂದು ಟ್ರಾನ್ಸ್‌ಫಾರ್ಮರಿಗೆ ಜಾಗವಿಡಿರಿ. ಜಾಗ ವಿದ್ಯುತ್ತನ್ನು ತಿನ್ನುವುದಿಲ್ಲ.”

ಆ ಇನ್ನೊಂದು ಕೋಲಾರ ನನಗೆ ನೆನಪಾದದ್ದು ಆಗಲೇ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಸುಮಾರು 147 ಕಿಲೋಮೀಟರು ಹರಿದು ಅಲ್ಲಿನ ಗಣಿಗಳನ್ನು ಸೇರಿತು. ಗಣಿಯವರೊಡನೆ ಒಪ್ಪಂದ ಮೊದಲಾಯಿತು, ವಿದ್ಯುತ್ತು ಆಮೇಲೆ ಹುಟ್ಟಿತು. ಬೆಂಗಳೂರಿನ ಬೀದಿಗಳು ಬೆಳಗಿದ್ದು 1905ರಲ್ಲಿ.

ಹಾಸಿಗೆಯಿದ್ದಷ್ಟು ಕಾಲು ಚಾಚಬೇಕೆಂದು ಹಿರಿಯರು ಹೇಳಿದ್ದಾರೆ. ಹೊಸ ಹಾಸಿಗೆ ಹೊಲಿಸುವವರು ಮೊದಲು ಕಾಲನ್ನು ಅಳೆಯಬೇಕೆಂಬುದು ನನ್ನ ಸೇರ್ಪಡೆ. ಠರಾವಿನಲ್ಲಿ ಅದನ್ನೇ, ಕೊಂಚ ಗಂಭೀರವಾದ ಕನ್ನಡದಲ್ಲಿ, ಬರೆದಿದ್ದೇನೆ. ಉಳಿಯುವ ಹಣ ಸೂಕ್ಷ್ಮದರ್ಶಕಗಳಿಗೇ ಸಲ್ಲತಕ್ಕದ್ದೆಂಬ ವಾಕ್ಯಕ್ಕೆ ಅಡಿಗೆರೆ ಎಳೆದಿದ್ದೇನೆ.